ಅದತ್ತಾದಾನ ಮತ್ತು ಪ್ರಜ್ಞಾಹೀನ ರೋಗಿ

ಕಮಲಾಪುರದ ಹೆದ್ದಾರಿಯಲ್ಲಿ ಗಾಯಗೊಂಡು, ಪ್ರಜ್ಞೆ ತಪ್ಪಿ, ಕಲಬುರಗಿಯ ಬೋಧನಾ ಆಸ್ಪತ್ರೆಗೆ ಬಂದವನನ್ನು ಔಷಧ ಸಂಶೋಧನೆಗೆ ಸೇರಿಸಿಕೊಳ್ಳಬಹುದೇ? ಕೊಡದುದನ್ನು ಕೊಳ್ಳುವುದು ಅದತ್ತಾದಾನ, ಅಚೌರ್ಯಾಣುವ್ರತಿಗೆ ನಿಷಿದ್ಧ. ಸಮ್ಮತಿಯೂ ಅವನು ಕೊಡಬೇಕಾದದ್ದೇ.

ಆದರೆ 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನವನ್ನು ನೋಡಬೇಕು. ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳು, 20,211 ಗಾಯಾಳುಗಳು. ಟ್ರಾನೆಕ್ಸಾಮಿಕ್ ಆಮ್ಲ ಪಡೆಯದವರಲ್ಲಿ ಶೇ. 16, ಪಡೆದವರಲ್ಲಿ ಶೇ. 14.5 ಮಂದಿ ತೀರಿಕೊಂಡರು. ಒಂದೇ ಅಂಗಡಿಯ ಖಾತೆಯಿಂದ ಪೇಟೆಯ ಧಾರಣೆ ತಿಳಿಯದಂತೆ, ಇಷ್ಟು ಸಣ್ಣ ಅಂತರ ಒಂದೇ ಆಸ್ಪತ್ರೆಯಲ್ಲಿ ಗೋಚರಿಸದು. ಗಾಯವಾಗಿ ಮೂರು ಗಂಟೆ ಮೀರಿದರೆ ಆ ಔಷಧದಿಂದ ಪ್ರಯೋಜನವಿಲ್ಲ, ಎಚ್ಚರವಾಗಲೆಂದು ಕಾಯುವಂತಿಲ್ಲ.

ಪೂಜ್ಯಪಾದರು ಕಳವಿನ ಲಕ್ಷಣಕ್ಕೂ ಪ್ರಮತ್ತಯೋಗವನ್ನು ಅನ್ವಯಿಸುತ್ತಾರೆ. ಆದ್ದರಿಂದ ವೈದ್ಯನ ಪರೀಕ್ಷೆ ರೋಗಿ ಕಣ್ತೆರೆದ ಮೇಲೆಯೇ. ನಡೆದುದನ್ನು ತಿಳಿಸಿ, ಬೇಡವೆಂದರೆ ಬಿಟ್ಟುಕೊಟ್ಟರೆ ದೋಷವಿಲ್ಲ. ಸಂಖ್ಯೆ ಕಡಿಮೆಯಾದೀತೆಂದು ಮುಚ್ಚಿಟ್ಟರೆ, ಕಳವು ನಡೆಯುವುದು ಆ ಕ್ಷಣದಲ್ಲಿ.