ಉಳಿದದ್ದರ ಲೆಕ್ಕ

ತಿಂಗಳ ಆದಾಯ ಎಷ್ಟು? ಮಗಳು ನನ್ನ ಮೊಬೈಲಿಗೆ ಹಾಕಿಕೊಟ್ಟ ಖರ್ಚಿನ ಆ್ಯಪು ಮೊದಲು ಕೇಳಿದ್ದೇ ಇದನ್ನು. ಮ್ಹೈಸಾಳದಲ್ಲಿ ಕೃಷ್ಣೆಯ ದಂಡೆಗೆ ಮೂರು ಎಕರೆ ಕಬ್ಬಿನ ಮನೆ ನಮ್ಮದು. ಅಡಸಾಲಿ ಕಬ್ಬು ಹಚ್ಚಿದರೆ ಕಡಿಯುವುದಕ್ಕೆ ಹದಿನಾರರಿಂದ ಹದಿನೆಂಟು ತಿಂಗಳು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮಗೆ ಬಂದಾಗ ಬಂತು. ತಿಂಗಳಿಗೆ ಎಷ್ಟೆಂದು ಬರೆಯಲಿ? ಸೊನ್ನೆ ಹಾಕಿದೆ. ಅದು ಒಪ್ಪಲಿಲ್ಲ.

ಸಾಂಗ್ಲಿಯಲ್ಲಿ ನೌಕರಿ ಮಾಡುವ ಮಗಳು ಮೂರು ಆ್ಯಪು ಹಾಕಿ, ಒಂದನ್ನು ಆರಿಸಿಕೋ ಎಂದಿದ್ದಳು. ಒಂದರ ಬಗ್ಗೆ ಅವಳಿಗೆ ಭಾರೀ ಅಭಿಮಾನ. "ಅವ್ವಾ, ಇದರಾಗ ನೀ ಏನೂ ಬರಿಯೂದ ಬ್ಯಾಡ. ಬ್ಯಾಂಕಿನ ಮೆಸೇಜ್ ಓದಿ ತಾನ ಲೆಕ್ಕ ಹಾಕ್ತೈತಿ."

ಹಾಕಿತು. ಬಸದಿಗೆ ಕೊಟ್ಟ 501 ರೂಪಾಯಿಯನ್ನು 'ಮನರಂಜನೆ'ಗೆ ಸೇರಿಸಿತು. ನಮ್ಮ ಮನೆಯವರು, "ಪಂಚಕಲ್ಯಾಣದ ಬ್ಯಾಂಡು ಕೇಳಿದರ ಅದೂ ಖರೇನ ಅದ" ಎಂದು ನಕ್ಕರು.

ನಗೆ ಇರಲಿ. ನನ್ನನ್ನು ತಡೆದದ್ದು ಆ 'ತಾನ' ಎಂಬ ಮಾತು. ಜೈನರಾದ ನಾವು ಪ್ರತಿಕ್ರಮಣ ಮಾಡುತ್ತೇವೆ. ಆದ ತಪ್ಪನ್ನು ನಾನೇ ನೆನೆದು, ನನ್ನ ಬಾಯಿಂದಲೇ ಹೇಳಿ, ಅದರಿಂದ ಹಿಂದೆ ಸರಿಯಬೇಕು. ನನ್ನ ಪರವಾಗಿ ಬೇರೆ ಯಾರೂ ಮಾಡಲು ಬರುವುದಿಲ್ಲ. ಮಿರಜಿನ ಪೇಟೆಯಲ್ಲಿ ಬೇಡದ ಸೀರೆಗೆ 1,850 ರೂಪಾಯಿ ಕೊಟ್ಟದ್ದನ್ನು ಕೈಯಾರೆ ಬರೆಯುವಾಗ ಬೆರಳು ತುಸು ನಿಲ್ಲುತ್ತದೆ. ಮೆಸೇಜ್ ಓದುವ ಆ್ಯಪು ನನ್ನ ಆ ನಾಚಿಕೆಯನ್ನೂ ಉಳಿತಾಯ ಮಾಡಿಬಿಡುತ್ತದೆ.

ಎರಡನೆಯ ಆ್ಯಪು ಪ್ರತಿ ಖರ್ಚಿಗೂ ಮಿತಿ ಕೇಳಿತು. ಇದು ನಮಗೆ ಹಳೆಯ ಮಾತು. ಶ್ರಾವಕರ, ಅಂದರೆ ಜೈನ ಗೃಹಸ್ಥರ, ಐದನೆಯ ಅಣುವ್ರತವೇ ಪರಿಗ್ರಹ ಪರಿಮಾಣ, ಇಟ್ಟುಕೊಳ್ಳುವುದಕ್ಕೆ ಮಿತಿ. ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಕಾಳು, ಬಟ್ಟೆ-ಪಾತ್ರೆ, ಒಂದೊಂದಕ್ಕೂ ಇಷ್ಟು ಸಾಕೆಂದು ನಾವೇ ಗೆರೆ ಎಳೆದುಕೊಳ್ಳಬೇಕು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ಪಟ್ಟಿ ಇದೆ. (ದಾಸಿ-ದಾಸರನ್ನೂ ಅದೇ ಸಾಲಿನಲ್ಲಿ ಎಣಿಸಿದ್ದಾರೆ, ಅಲ್ಲಿಗೆ ಬಂದಾಗ ಪ್ರತಿ ಸಲ ನನಗೆ ಮುಜುಗರ.) ಗೆರೆ ದಾಟಿದರೆ ಅತಿಚಾರ, ವ್ರತಕ್ಕೆ ದೋಷ. ಆ್ಯಪಿನಲ್ಲಿ ದಾಟಿದರೆ ಅಂಕಿ ಕೆಂಪಾಗುತ್ತದೆ, ಅದರ ಕೆಳಗೇ 'ಮಿತಿ ಹೆಚ್ಚಿಸಿ' ಎಂಬ ಬಟನ್ ಇರುತ್ತದೆ!

ಅದಕ್ಕಿಂತ ದೊಡ್ಡ ಭೇದ ಇನ್ನೊಂದಿದೆ. ಆ್ಯಪು ಮನೆಯಿಂದ ಹೊರಗೆ ಹೋಗುವ ಹಣಕ್ಕೆ ಮಿತಿ ಹಾಕುತ್ತದೆ, ವ್ರತ ಒಳಗೆ ಉಳಿಯುವುದಕ್ಕೆ. ಉಳಿತಾಯ ಬೆಳೆದಷ್ಟೂ ಆ್ಯಪು ಹಸಿರಾಗುತ್ತ ಹೋಗುತ್ತದೆ. ವ್ರತ ಮಾತ್ರ ಅಲ್ಲೇ ನಿಲ್ಲಿಸಿ ಕೇಳುತ್ತದೆ, ಇಷ್ಟು ಯಾಕೆ ಇಟ್ಟುಕೊಂಡಿ?

ಈ ಪ್ರಶ್ನೆಗೆ ಉತ್ತರ ಸಲೀಸಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಹೊಲಕ್ಕೆ ನುಗ್ಗಿ ಕಬ್ಬು ಕೊಳೆತಾಗ ನಮ್ಮ ಒಲೆ ಉರಿದದ್ದು ಕೂಡಿಟ್ಟ ಹಣದಿಂದಲೇ. ಅದನ್ನೂ ದಾನ ಮಾಡಿ ಕೂತಿದ್ದರೆ ಸಾಲಕ್ಕೆ ಕೈಯೊಡ್ಡಬೇಕಿತ್ತು. ಆಮೇಲೆ ಬಹಳ ದಿನ ವಿಚಾರ ಮಾಡಿ ನನ್ನ ಗೆರೆ ಎಳೆದೆ: ಒಂದು ಬೆಳೆ ಪೂರ್ತಿ ಹೋದರೂ ಮುಂದಿನ ಬೆಳೆಯ ತನಕ, ಅಂದರೆ ಹದಿನೆಂಟು ತಿಂಗಳ ಮನೆಖರ್ಚು. ಅದರ ಮೇಲಿನದು ನನ್ನದಲ್ಲ.

ಆದರೆ ಅದೇ ಅಧ್ಯಾಯ ಪರಿಗ್ರಹವೆಂದರೆ ಮೂರ್ಛೆ, ವಸ್ತುವಿಗೆ ಅಂಟಿಕೊಂಡ ಮನಸ್ಸು ಎನ್ನುತ್ತದೆ. ಹಾಗಾದರೆ ತವರಿನಿಂದ ತಂದ ತಾಮ್ರದ ಹಂಡೆಯ ಗತಿ? ಅದಕ್ಕೆ ಖರ್ಚಿಲ್ಲ, ಮೆಸೇಜಿಲ್ಲ, ಯಾವ ಆ್ಯಪಿಗೂ ಅದು ಕಾಣುವುದಿಲ್ಲ. ನೀರು ಕಾಯಿಸಿ ಹನ್ನೆರಡು ವರ್ಷವಾಯಿತು. ಮಗಳು ಕೇಳಿದರೂ ಕೊಟ್ಟಿಲ್ಲ.

ಕೊನೆಗೆ ಮೂರನೆಯದನ್ನೇ ಇಟ್ಟುಕೊಂಡೆ. ಅದು ಮೆಸೇಜ್ ಓದುವುದಿಲ್ಲ, ತಿಂಗಳ ಆದಾಯ ಕೇಳುವುದಿಲ್ಲ, ನಾನು ಬರೆದದ್ದನ್ನು ಕೂಡಿಸಿ ತೋರಿಸುತ್ತದೆ, ಅಷ್ಟೇ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ನನ್ನದೆಂಬುದು ಏನೂ ಇಲ್ಲ ಎನ್ನುವ ಆಕಿಂಚನ್ಯದಂದು, ವರ್ಷದ ಲೆಕ್ಕ ತೆಗೆದು ನೋಡುತ್ತೇನೆ. ಹಂಡೆಯನ್ನು ಹಳೆಯ ವಹಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದಿನ್ನೂ ಅಟ್ಟದ ಮೇಲಿದೆ.