ಹಿಂದಿನ ದೀಪ ಯಾರಿಗಾಗಿ?

ಶಿಡ್ಲಘಟ್ಟದ ಮಾರುಕಟ್ಟೆಗೆ ನಸುಕಿನಲ್ಲಿ ರೇಷ್ಮೆಗೂಡು ತರುವ ಟೆಂಪೊ, ಚಿಂತಾಮಣಿಯ ಮಂಡಿಗೆ ಟೊಮೆಟೊ ಹೊರುವ ಪಿಕಪ್, ಗೌರಿಬಿದನೂರಿನ ಹೊಲಗಳಿಂದ ಮೇವು ತುಂಬಿಕೊಂಡು ಬರುವ ಟ್ರ್ಯಾಕ್ಟರ್. ಈ ರಸ್ತೆಗಳಲ್ಲಿ ಓಡಾಡಿದವರಿಗೆ ಇಂಥ ಗಾಡಿಗಳ ಸಣ್ಣಪುಟ್ಟ ಊನಗಳು ಚೆನ್ನಾಗಿ ಗೊತ್ತು. ಒಂದರ ಹಿಂದಿನ ದೀಪ ಉರಿಯುವುದಿಲ್ಲ, ಇನ್ನೊಂದಕ್ಕೆ ಎಡಗಡೆಯ ಕನ್ನಡಿ ಇಲ್ಲ, ಮತ್ತೊಂದಕ್ಕೆ ಹೆಚ್ಚು ಸರಕು ಹಿಡಿಯಲೆಂದು ಮೇಲೆ ಕಬ್ಬಿಣದ ಕಂಬಿಗಳನ್ನು ಬೆಸೆದಿರುತ್ತಾರೆ. ಇವನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಅಪಘಾತ ನಡೆದ ಮರುಗಳಿಗೆಗೆ ಮಾತ್ರ ಆ ಕೆಟ್ಟ ದೀಪ ಸಾಕ್ಷಿಯಾಗುತ್ತದೆ, ಆ ಕಂಬಿ ಆರೋಪವಾಗುತ್ತದೆ. ನಿನ್ನೆಯವರೆಗೆ ಯಾರೂ ಲೆಕ್ಕಕ್ಕಿಡದ ಊನ ಇವತ್ತು ಚಾಲಕನ ಗುಣವನ್ನೇ ಅಳೆಯುವ ಕೋಲಾಗುತ್ತದೆ. ಇದು ನ್ಯಾಯವೇ?

1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಈ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ. ಅಪಾಯ ತರುವಂಥ ದೋಷವಿರುವ ವಾಹನವನ್ನಾಗಲಿ ಟ್ರೈಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವನೂ ಓಡಿಸಲು ಬಿಟ್ಟವನೂ ತಪ್ಪಿತಸ್ಥರು. ದೋಷ ಅವರಿಗೆ ಗೊತ್ತಿರಬೇಕು, ಇಲ್ಲವೇ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿರಬೇಕು. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ 1,500 ರೂಪಾಯಿಯವರೆಗೆ ದಂಡ. ಅದೇ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅಲಕ್ಷ್ಯದಿಂದ ಸಾವೇ ಸಂಭವಿಸಿತೆಂದಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬರುತ್ತದೆ. ಅಲ್ಲಿ ಶಿಕ್ಷೆ ಐದು ವರ್ಷದವರೆಗೆ. ದೀಪ ಕೆಟ್ಟಿದ್ದು ಎಲ್ಲ ಕಡೆಯೂ ಒಂದೇ. ಬೇರೆಯಾದದ್ದು ಆ ರಾತ್ರಿ ಹಿಂದಿನಿಂದ ಯಾರಾದರೂ ಬಂದರೋ ಇಲ್ಲವೋ ಎಂಬುದು.

ತತ್ತ್ವಶಾಸ್ತ್ರದಲ್ಲಿ ಇದನ್ನು ನೈತಿಕ ಅದೃಷ್ಟದ ಸಮಸ್ಯೆ ಎನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಈ ಚರ್ಚೆಯನ್ನು ಎತ್ತಿದಾಗ ಇಬ್ಬರೂ ತೆಗೆದುಕೊಂಡ ಉದಾಹರಣೆಗಳಲ್ಲಿ ಲಾರಿ ಚಾಲಕನೊಬ್ಬನಿದ್ದ. ತನ್ನದೇನೂ ತಪ್ಪಿಲ್ಲದೆ ಮಗುವೊಂದರ ಸಾವಿಗೆ ಕಾರಣನಾದ ಚಾಲಕ, ಪಕ್ಕದಲ್ಲಿ ನಿಂತು ನೋಡಿದವನಿಗಿಂತ ಬೇರೆಯದೇ ನೋವನ್ನು ಅನುಭವಿಸುತ್ತಾನೆ ಎಂದರು ವಿಲಿಯಮ್ಸ್. ನೇಗಲ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಅವನು ಬ್ರೇಕನ್ನು ತಪಾಸಣೆ ಮಾಡಿಸಿರಲಿಲ್ಲ ಎಂದಿಟ್ಟುಕೊಳ್ಳಿ ಎಂದರು. ಮಗು ಅಡ್ಡ ಬಾರದಿದ್ದರೆ ಅದು ಒಂದು ಸಣ್ಣ ಉದಾಸೀನ, ಅಷ್ಟೆ. ಬಂದರೆ ಅವನು ಆ ಸಾವಿಗಾಗಿ ತನ್ನನ್ನೇ ದೂಷಿಸಿಕೊಳ್ಳುತ್ತಾನೆ. ನೈತಿಕ ಹೊಣೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನಾನು ಈ ಪುಟಗಳನ್ನು ಎಷ್ಟು ಸಲ ಓದಿದ್ದರೂ ಅಲ್ಲಿನ ಲಾರಿ ನನಗೆ ಚಿಂತಾಮಣಿ ರಸ್ತೆಯ ಲಾರಿಯಾಗಿಯೇ ಕಾಣುತ್ತದೆ.

ಪರಿಹಾರದ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಒಂದು ವಿವೇಕದ ದಾರಿ ಕಂಡುಕೊಂಡಿವೆ: ಊನವಿತ್ತೇ ಎಂದು ಕೇಳಿದರೆ ಸಾಲದು, ಅಪಘಾತಕ್ಕೆ ಅದು ಕಾರಣವಾಯಿತೇ ಎಂದು ಕೇಳಬೇಕು. ಹಾಸನದ ಒಂದು ಪ್ರಕರಣದಲ್ಲಿ ಅನುಮತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡಿದ್ದ ಸರಕು ವಾಹನ ಎದುರಿನ ವಾಹನಕ್ಕೆ ಡಿಕ್ಕಿಯಾಗಿತ್ತು. ಹೆಚ್ಚು ಜನರಿದ್ದದ್ದನ್ನೇ ಹಿಡಿದು ವಿಮಾ ಕಂಪನಿ ಹಣ ಕೊಡಲು ಒಪ್ಪಲಿಲ್ಲ. ಆ ಜನ ಕೂತಿದ್ದರಿಂದ ಡಿಕ್ಕಿಯಾದದ್ದಲ್ಲವಲ್ಲ ಎಂಬ ನೆಲೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ವಾದವನ್ನು ತಳ್ಳಿಹಾಕಿತು. ಬೈಕಿನಲ್ಲಿ ಮೂವರು ಹೋಗುತ್ತಿದ್ದಾಗ ಸತ್ತವನ ಕುಟುಂಬಕ್ಕೆ ಪರಿಹಾರ ಕಡಿತವಾದಾಗ 2020ರಲ್ಲಿ ಅದೇ ಕೋರ್ಟ್ ಅದೇ ಪ್ರಶ್ನೆ ಕೇಳಿತು. ಮೂವರು ಕೂತದ್ದು ಕಾನೂನಿನ ಉಲ್ಲಂಘನೆ ಇರಬಹುದು. ಅಪಘಾತಕ್ಕೂ ಅದಕ್ಕೂ ನಂಟು ತೋರಿಸದೆ ದುಡ್ಡು ಕಡಿಯುವಂತಿಲ್ಲ. ಇದು ಬಡವರ ಪಾಲಿಗೆ ದೊಡ್ಡ ಆಸರೆ. ಹಳೆಯ ಗಾಡಿಯಲ್ಲಿ ಹುಡುಕಿದರೆ ಊನ ಸಿಕ್ಕೇ ಸಿಗುತ್ತದೆ. ಸಿಕ್ಕ ಊನವೆಲ್ಲ ತಪ್ಪಿನ ಪುರಾವೆಯಾದರೆ, ಹೊಸ ಗಾಡಿ ಕೊಳ್ಳಲಾಗದವನು ಹುಟ್ಟಾ ಅಪರಾಧಿಯಾಗುತ್ತಾನೆ.

ಆದರೆ ಹಣದ ಲೆಕ್ಕಕ್ಕೆ ಸರಿಹೊಂದುವ ಈ ಅಳತೆ ನೀತಿಯ ಲೆಕ್ಕಕ್ಕೆ ಸಾಲದು. ಅಪಘಾತಕ್ಕೆ ಕಾರಣವಾಗಲಿಲ್ಲ ಎಂದ ಮಾತ್ರಕ್ಕೆ ಕೆಟ್ಟ ದೀಪ ನಿರ್ದೋಷಿಯಾಗುವುದಿಲ್ಲ. ಮುಂದಿನ ದೀಪ ನನಗೆ ದಾರಿ ತೋರಿಸುತ್ತದೆ. ಹಾರ್ನ್ ಕೆಟ್ಟರೆ ನನಗೇ ಕೇಳಿಸುವುದಿಲ್ಲ, ಬ್ರೇಕ್ ಸಡಿಲವಾದರೆ ಕಾಲಿಗೆ ತಿಳಿಯುತ್ತದೆ. ಹಿಂದಿನ ದೀಪ ಮಾತ್ರ ನನ್ನ ಉಪಯೋಗಕ್ಕಿರುವುದಲ್ಲ. ಸೀಟಿನಲ್ಲಿ ಕೂತವನಿಗೆ ಅದು ಉರಿಯುತ್ತಿದೆಯೋ ಇಲ್ಲವೋ ಕಾಣುವುದೂ ಇಲ್ಲ. ನಾನು ಎಂದೂ ಮುಖ ನೋಡದ ಯಾರೋ ಒಬ್ಬನಿಗಾಗಿ ಅದು ಉರಿಯಬೇಕು. ಕಾಯ್ದೆ ಹೇಳುವ ‘ಸಾಮಾನ್ಯ ಎಚ್ಚರ’ ಎಂದರೆ ಕೆಳಗಿಳಿದು ಒಂದು ಸುತ್ತು ಬರುವುದು. ನನಗೆ ತೊಂದರೆ ಕೊಡದ ಊನವನ್ನೂ ಹುಡುಕಿ ನೋಡುವುದು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ, ಮಂಜು ಮುಸುಕಿದ್ದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. ಅದರ ಹೊಣೆ ಯಾರದೆಂದು ತೀರ್ಮಾನಿಸುವ ಕೆಲಸ ನನ್ನದಲ್ಲ. ಅಂಥ ಮಂಜಿನಲ್ಲಿ ಹಿಂದೆ ಬರುವವನ ಜೀವ ಮುಂದಿನ ಗಾಡಿಯ ಒಂದು ಕೆಂಪು ಬೆಳಕನ್ನು ಎಷ್ಟು ನಂಬಿಕೊಂಡಿರುತ್ತದೆ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಎಲ್ಲ ಹೊಣೆಯೂ ಚಾಲಕನದೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಬಳಕ್ಕೆ ಗಾಡಿ ಓಡಿಸುವವನು ಬಲ್ಬಿಗೆ ದುಡ್ಡು ಕೇಳಿದರೆ ‘ಈ ಟ್ರಿಪ್ ಆಗಲಿ, ನೋಡೋಣ’ ಎನ್ನುವವನು ಮಾಲೀಕ. ‘ಇವತ್ತು ಗಾಡಿ ತೆಗೆಯಲ್ಲಣ್ಣ’ ಎಂದರೆ ನಾಳೆ ಕೀಲಿ ಇನ್ನೊಬ್ಬನ ಕೈಯಲ್ಲಿರುತ್ತದೆ. ಕಾನೂನಿಗೆ ಇದು ಗೊತ್ತಿಲ್ಲದ್ದಲ್ಲ. ಅದಕ್ಕೇ ‘ಓಡಿಸಲು ಬಿಟ್ಟವನು’ ಎಂಬ ಮಾತು 190ರಲ್ಲಿದೆ. ಕಾನೂನುಬಾಹಿರವಾಗಿ ವಾಹನದ ರಚನೆ ಬದಲಾಯಿಸಿದ್ದಕ್ಕೆ ಮಾಲೀಕನಿಗೇ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಎಂದು 182ಎ ಸೆಕ್ಷನ್ ಹೇಳುತ್ತದೆ. ಆದರೂ ಸ್ಥಳದಲ್ಲಿ ಜನರ ಕೈಗೆ ಸಿಗುವವನು ಚಾಲಕ, ಪೊಲೀಸರು ಮೊದಲು ಹೆಸರು ಬರೆದುಕೊಳ್ಳುವುದೂ ಅವನದನ್ನೇ.

ನನಗೆ ತೋಚುವುದಿಷ್ಟು. ಗಾಯಗೊಂಡವರಿಗೆ ಸಲ್ಲಬೇಕಾದ ಹಣವನ್ನು ಕಾರಣ ನೋಡಿ ಲೆಕ್ಕಹಾಕಲಿ. ಗೆರೆ ಬಿದ್ದ ಕನ್ನಡಿಯನ್ನು ನೆಪ ಮಾಡಿಕೊಂಡು ಅದನ್ನು ಕಡಿಯದಿರಲಿ. ದೂಷಣೆಯನ್ನು ಮಾತ್ರ ಅಪಘಾತಕ್ಕೆ ಕಾಯದೆ ಹಂಚಬೇಕು. ದೀಪವಿಲ್ಲದ ಗಾಡಿಯನ್ನು ರಸ್ತೆಗಿಳಿಸಿ ಸುಖವಾಗಿ ಮನೆ ಸೇರಿದವನೂ, ಅದೇ ಗಾಡಿಯಿಂದ ಒಬ್ಬನ ಸಾವಿಗೆ ಕಾರಣನಾದವನೂ ಮಾಡಿದ ತಪ್ಪು ಒಂದೇ. ಎರಡನೆಯವನ ದುಃಖ ದೊಡ್ಡದು, ಅದನ್ನು ಅವನು ಹೊರಲೇಬೇಕು. ಆದರೆ ಅವನನ್ನು ದುಷ್ಟನೆಂದು ಕರೆಯುವ ಮೊದಲು, ಮೊದಲನೆಯವನನ್ನು ನಾವು ಏನೆಂದು ಕರೆದಿದ್ದೆವು ಎಂದು ನೆನಪಿಸಿಕೊಳ್ಳಬೇಕು. ಬಹುಶಃ ಏನೂ ಅಂದಿರಲಿಲ್ಲ. ಟೀ ಅಂಗಡಿಯ ಮುಂದೆ ಅವನ ಗಾಡಿ ಕತ್ತಲಲ್ಲಿ ನಿಂತಿದ್ದಾಗ ನಾವೂ ಅಲ್ಲೇ ನಿಂತು ಟೀ ಕುಡಿದು ಹೋಗಿರುತ್ತೇವೆ.