ಅನಾವಶ್ಯಕವೆನಿಸಿದ ಪ್ರಶ್ನೆ

ನಿಯಮವನ್ನು ಅಕ್ಷರಶಃ ಪಾಲಿಸಿದವನಿಂದ ಅನರ್ಥವೊದಗಿದರೆ ಅವನು ದೋಷಿಯಾಗುವನೆ? ಧರ್ಮವಿಚಾರದ ಈ ಹಳೆಯ ಪ್ರಶ್ನೆ ಗಣಕಯಂತ್ರಗಳ ಲೋಕದಲ್ಲಿಯೂ ಎದ್ದಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು.

2009ರಲ್ಲಿ ಲಿನಕ್ಸ್ ವ್ಯವಸ್ಥೆಯ 2.6.30ನೆಯ ಆವೃತ್ತಿಯಲ್ಲಿ ಒಂದು ದೋಷವು ಬೆಳಕಿಗೆ ಬಂದಿತು. ಅದರ 'ಟನ್' ಎಂಬ ಭಾಗದಲ್ಲಿ ಎರಡು ಸೂಚನೆಗಳಿದ್ದವು. ಸ್ಮೃತಿಯ ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ತೆಗೆದುಕೊಳ್ಳತಕ್ಕದ್ದು ಎಂಬುದು ಮೊದಲನೆಯದು. ಆ ವಿಳಾಸವು ಶೂನ್ಯವಾಗಿದ್ದರೆ ಹಿಂದಿರುಗತಕ್ಕದ್ದು ಎಂಬುದು ಅನಂತರದ್ದು. ಮನುಷ್ಯನು ಬರೆದುದನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಎಂಬ ಕಂಪೈಲರಿನ ತರ್ಕ ಹೀಗೆ ನಡೆಯಿತು: ಶೂನ್ಯವಿಳಾಸವನ್ನು ಮುಟ್ಟುವುದು ಸಿ ಭಾಷೆಯಲ್ಲಿ ನಿಷಿದ್ಧ, ಬರೆದವನು ಆಗಲೇ ಮುಟ್ಟಿದ್ದಾನೆ, ಆದುದರಿಂದ ವಿಳಾಸವು ಶೂನ್ಯವಲ್ಲ, ಮುಂದಿನ ಪ್ರಶ್ನೆ ವ್ಯರ್ಥ. ಹೀಗೆಂದು ಅದು ವೇಗಕ್ಕಾಗಿ ಆ ಪ್ರಶ್ನೆಯನ್ನೇ ಅಳಿಸಿಹಾಕಿತು. ದುರುದ್ದೇಶವುಳ್ಳವನು ಶೂನ್ಯವಿಳಾಸದಲ್ಲಿ ತನ್ನದೇ ಸ್ಮೃತಿಯನ್ನು ಮೊದಲೇ ಸ್ಥಾಪಿಸಿಟ್ಟರೆ, ಯಂತ್ರವು ತಡೆಯಿಲ್ಲದೆ ಮುಂದುವರಿದು ಇಡೀ ವ್ಯವಸ್ಥೆಯ ಒಡೆತನವೇ ಅವನ ಕೈಸೇರುವಂತಾಯಿತು.

ಪರಿಹಾರವು ಸರಳವಾಗಿತ್ತು: ಪ್ರಶ್ನೆಯನ್ನು ಮೊದಲಿಟ್ಟು ಪ್ರವೇಶವನ್ನು ಹಿಂದಿಟ್ಟರು. ಅಲ್ಲದೆ ಅಂತಹ ಪ್ರಶ್ನೆಗಳನ್ನು ಅಳಿಸಕೂಡದೆಂದು ಕಂಪೈಲರಿಗೂ ಕಟ್ಟಪ್ಪಣೆ ಮಾಡಿದರು.

ಹಾಗಾದರೆ ತಪ್ಪು ಯಾರದು? ಕ್ರಮತಪ್ಪಿ ಬರೆದವನದೆಂಬುದು ನಿಜ. ಕಂಪೈಲರಿನ ತರ್ಕದಲ್ಲಿ ಕುಂದಿಲ್ಲ. ನಿಜವಾಗಿಯೂ ವ್ಯರ್ಥವಾದ ಎಷ್ಟೋ ಪರೀಕ್ಷೆಗಳನ್ನು ತೆಗೆದು ಅದು ಉಪಕಾರವನ್ನೇ ಮಾಡುತ್ತದೆ. ಆದರೆ ಆ ತರ್ಕದ ಅಡಿಗಲ್ಲು 'ಬರೆದವನು ತಪ್ಪಲಾರ' ಎಂಬ ನಂಬಿಕೆ. ಪರೀಕ್ಷೆಯಾದರೋ ಹುಟ್ಟಿದ್ದೇ ಮನುಷ್ಯನು ತಪ್ಪಬಲ್ಲನೆಂಬ ಅರಿವಿನಿಂದ. ತಪ್ಪಲಾರನೆಂಬ ನಂಬಿಕೆಯಿಂದಲೇ ತಪ್ಪಿನ ಕಾವಲನ್ನು ಕಿತ್ತುಹಾಕುವುದು ತರ್ಕವಾದೀತು, ವಿವೇಕವಾಗದು. ನಷ್ಟವನ್ನು ಹೊರುವವನು ಬರೆದವನೂ ಅಲ್ಲ, ಅಳಿಸಿದವನೂ ಅಲ್ಲ. ಏನೂ ಅರಿಯದ ಮೂರನೆಯವನು. ಅವನಿಗೆ ವೇಗದಿಂದಾದ ಲಾಭ ಅತ್ಯಲ್ಪ, ಅಪಾಯವೋ ಸಮಸ್ತ. ಅವನ ಪರವಾಗಿ ಆ ಒಂದು ಪ್ರಶ್ನೆಯನ್ನು ಉಳಿಸಿಕೊಳ್ಳುವುದು ಬಲ್ಲವರ ಹೊಣೆ.

ರಾಬರ್ಟ್‌ಸನ್‌ಪೇಟೆಯ ಮನೆಗಳಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ 3 ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿಯುತ್ತಿದ್ದುದನ್ನು ಹಿರಿಯರು ಮರೆತಿಲ್ಲ. 'ಜನರು ಆಗಲೇ ಒಳಗೆ ಹೋಗಿದ್ದಾರೆ, ಆದುದರಿಂದ ಮೇಲಿನ ಬಂಡೆ ಭದ್ರವಾಗಿರಲೇಬೇಕು, ನೋಡುವುದೇಕೆ?' ಎಂದು ಯಾರಾದರೂ ಹೇಳಿದ್ದರೆ, ಮಗನನ್ನು ಕೆಳಗೆ ಕಳುಹಿಸಿದ ತಾಯಿ ಒಪ್ಪುತ್ತಿದ್ದಳೆ? ಇಂದು ಆ ಮನೆಗಳ ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅವರ ಕೆಲಸ ಬೇರೆಯಾದರೂ ಪಾಠ ಒಂದೇ: ಒಳಹೊಕ್ಕದ್ದು ಭದ್ರತೆಗೆ ಸಾಕ್ಷಿಯಲ್ಲ.